ಕೊರೊನಾ ಕಾಲದಲ್ಲಿ ತಪ್ಪಿದ ಕರುವಿನ ಸೂಜಿ



ಕೊರೊನಾ ದಿನಗಳು ನಿಮಗೆ ನೆನಪಿವೆ ಅಲ್ಲವೇ? 2020ರ ಮಾರ್ಚ್ 25ರಂದು ಇಡೀ ದೇಶದಲ್ಲಿ ಲಾಕ್‌ಡೌನ್ ಆಯಿತು. ಬಸ್ಸು ನಿಂತವು. ಸಂತೆ ನಿಂತಿತು. ಮದುವೆ, ಜಾತ್ರೆ ಎಲ್ಲ ನಿಂತವು. ನಮ್ಮ ಅಕ್ಷರ ಕೇಂದ್ರದ ಬಾಗಿಲೂ ಮುಚ್ಚಿತು. ಎಲ್ಲಿ ನೋಡಿದರೂ ಒಂದೇ ಮಾತು, ಕೊರೊನಾ.

ಈಗ ಒಂದು ಪ್ರಶ್ನೆ. ಕೊರೊನಾ ಬಂತು ಅಂತ ಬೇರೆ ರೋಗಗಳು ಊರು ಬಿಟ್ಟು ಹೋದವೇ? ಇಲ್ಲ. ಅವು ಅಲ್ಲೇ ಇದ್ದವು. ನಮ್ಮ ಕೊಟ್ಟಿಗೆಯಲ್ಲಿ ಇದ್ದವು, ಓಣಿಯ ನಾಯಿಗಳಲ್ಲಿ ಇದ್ದವು. ಅವುಗಳ ಮೇಲೆ ಕಣ್ಣಿಡುವವರು ಮಾತ್ರ ಬೇರೆ ಕೆಲಸಕ್ಕೆ ಹೋಗಿದ್ದರು. ಇದರಿಂದ ಏನಾಗುತ್ತದೆ? ಮುಂದೆ ಇಂಥ ಕಾಲ ಬಂದರೆ ನಾವು ಏನು ಮಾಡಬೇಕು? ಈ ಪಾಠದಲ್ಲಿ ಓದೋಣ.

ಒಬ್ಬ ಅಕ್ಕನ ಕತೆ

ನಮ್ಮ ಅಕ್ಕಲಕೋಟೆ ಕಡೆಯ ಒಂದು ಹಳ್ಳಿ. ಅಲ್ಲಿಯ ಅಕ್ಷರ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಿದ್ದರು. ಮನೆಯಲ್ಲಿ ಎರಡು ಆಕಳು. ಹಾಲು ಮಾರಿಯೇ ಸಂಸಾರ ನಡೆಯಬೇಕು. 2020ರ ಜನವರಿಯಲ್ಲಿ ಒಂದು ಆಕಳು ಹೆಣ್ಣು ಕರು ಹಾಕಿತು. ಅಕ್ಕನಿಗೆ ಬಹಳ ಸಂತೋಷ. ಕರುವನ್ನು ಮಗಳಂತೆ ಸಾಕಿದರು.

ಕರು ಬೆಳೆದು ಕಡಸಾಯಿತು. 2022ರಲ್ಲಿ ಗಬ್ಬ ನಿಂತಿತು. ಆದರೆ ಏಳನೇ ತಿಂಗಳಲ್ಲಿ ಕಂದು ಹಾಕಿತು. ಮಾಸು ಬೀಳಲಿಲ್ಲ. ಅಕ್ಕ ಬರಿಗೈಯಿಂದಲೇ ಮಾಸು ಎಳೆದು ತೆಗೆದರು. ಅದನ್ನು ತಿಪ್ಪೆಗೆ ಎಸೆದರು. ನಾಯಿಗಳು ಎಳೆದಾಡಿದವು.

ಕೆಲವು ವಾರಗಳ ನಂತರ ಅಕ್ಕನಿಗೆ ಜ್ವರ ಬಂತು. ರಾತ್ರಿ ಮೈಯೆಲ್ಲ ಬೆವರು. ಸೊಂಟ, ಮೊಣಕಾಲು ನೋವು. ಗುಳಿಗೆ ತಗೊಂಡರೆ ಜ್ವರ ಇಳಿಯೋದು, ನಾಲ್ಕು ದಿನ ಬಿಟ್ಟು ಮತ್ತೆ ಏರೋದು. ಕೊರೊನಾ ಇರಬಹುದು ಅಂತ ಪರೀಕ್ಷೆ ಮಾಡಿಸಿದರು. ಇಲ್ಲ ಅಂತ ಬಂತು. ಹೀಗೆ ಮೂರು ತಿಂಗಳು ಕಳೆಯಿತು. ಕೂಲಿಗೆ ಹೋಗುವ ಶಕ್ತಿಯೂ ಉಳಿಯಲಿಲ್ಲ. ಕೊನೆಗೆ ಒಬ್ಬ ಡಾಕ್ಟರು ಬೇರೆ ಪ್ರಶ್ನೆ ಕೇಳಿದರು.

"ಅಕ್ಕಾರ, ಮನ್ಯಾಗ ದನಾ ಅವೇನ್ರೀ?"

"ಅವ್ರೀ ಸಾಹೇಬ್ರ. ಎರಡು ಆಕಳಾ, ಒಂದು ಕಡಸು."

"ಯಾವದರೆ ಕಂದು ಹಾಕ್ಯಾದೇನ್ರೀ?"

"ಹೌದ್ರೀ, ಕಡಸು ಹಾಕ್ಯಾದ್ರೀ. ನಾನs ಕೈಲೆ ಮಾಸು ತಗದೀನ್ರೀ."

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಬ್ರುಸೆಲ್ಲಾ ರೋಗ ಅಂತ ಗೊತ್ತಾಯಿತು. ಆರು ವಾರ ಔಷಧಿ ತಗೊಂಡ ಮೇಲೆ ಅಕ್ಕ ಗುಣವಾದರು.

ಏನಿದು ಬ್ರುಸೆಲ್ಲಾ ರೋಗ?

ನಮ್ಮ ಜನ ಇದನ್ನು ಕಂದು ರೋಗ ಅಂತಾರೆ. ಇದು ಆಕಳು, ಎಮ್ಮೆ, ಆಡು, ಕುರಿಗಳಿಗೆ ಬರುವ ರೋಗ. ಬ್ರುಸೆಲ್ಲಾ ಎಂಬ ಸಣ್ಣ ರೋಗಾಣುವಿನಿಂದ ಬರುತ್ತದೆ. ಡೇವಿಡ್ ಬ್ರೂಸ್ ಎಂಬ ಡಾಕ್ಟರು 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಈ ರೋಗಾಣುವನ್ನು ಕಂಡುಹಿಡಿದರು. ಅವರ ಹೆಸರಿನಿಂದಲೇ ರೋಗಾಣುವಿಗೆ ಈ ಹೆಸರು ಬಂತು. ಅಲ್ಲಿ ಸೈನಿಕರಿಗೆ ಮೇಲಿಂದ ಮೇಲೆ ಜ್ವರ ಬರುತ್ತಿತ್ತು. ಅವರು ಕುಡಿಯುತ್ತಿದ್ದ ಆಡಿನ ಹಸಿ ಹಾಲೇ ಅದಕ್ಕೆ ಕಾರಣ ಎಂದು ಮುಂದೆ ಗೊತ್ತಾಯಿತು.

ರೋಗ ತಗುಲಿದ ಆಕಳು ಹೆಚ್ಚಾಗಿ ಐದು ತಿಂಗಳು ದಾಟಿದ ಮೇಲೆ ಕಂದು ಹಾಕುತ್ತದೆ. ಮಾಸು ಬೇಗ ಬೀಳುವುದಿಲ್ಲ. ಹಾಲು ಕಡಿಮೆಯಾಗುತ್ತದೆ. ಮತ್ತೆ ಗಬ್ಬ ನಿಲ್ಲಲು ತಡವಾಗುತ್ತದೆ. ಕೆಲವು ಆಕಳು ಒಮ್ಮೆ ಕಂದು ಹಾಕಿ, ಮುಂದಿನ ಸಲ ಸರಿಯಾಗಿ ಈಯುತ್ತವೆ. ಆಗ ನಾವು ರೋಗ ಹೋಯಿತು ಅಂದುಕೊಳ್ಳುತ್ತೇವೆ. ಆದರೆ ರೋಗಾಣು ದನದ ಮೈಯಲ್ಲಿ ಉಳಿದಿರುತ್ತದೆ. ಹಾಲಿನಲ್ಲೂ ಬರುತ್ತದೆ.

ಜನರಿಗೆ ಇದು ಹೇಗೆ ಬರುತ್ತದೆ? ಕಂದು ಹಾಕಿದ ಕರು, ಮಾಸು, ಆ ಸಮಯದ ನೀರು, ರಕ್ತ ಇವುಗಳನ್ನು ಬರಿಗೈಯಿಂದ ಮುಟ್ಟಿದರೆ ಬರುತ್ತದೆ. ಹಸಿ ಹಾಲು ಕುಡಿದರೆ ಬರುತ್ತದೆ. ಗಂಡಸರಿಗೆ ವೃಷಣದ ಬಾವು ಬರಬಹುದು. ಬಸುರಿ ಹೆಂಗಸರಿಗೆ ಗರ್ಭಪಾತ ಆಗಬಹುದು. ಜನರಿಗೆ ಔಷಧಿ ಇದೆ. ಆದರೆ ಎರಡು ಬಗೆಯ ಔಷಧಿ ಸೇರಿಸಿ ಕನಿಷ್ಠ ಆರು ವಾರ ತಗೋಬೇಕು. ನಡುವೆ ಬಿಟ್ಟರೆ ರೋಗ ಮತ್ತೆ ತಿರುಗುತ್ತದೆ. ದನಗಳಿಗೆ ಹೀಗೆ ಔಷಧಿ ಕೊಟ್ಟು ಗುಣಪಡಿಸುವ ರೂಢಿ ಇಲ್ಲ. ಅವಕ್ಕೆ ಮೊದಲೇ ಲಸಿಕೆ ಹಾಕಿಸುವುದೇ ದಾರಿ.

ಲಸಿಕೆಗೆ ಒಂದು ಕಾಲ ಇದೆ

ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 11ರಂದು ಒಂದು ದೊಡ್ಡ ಕಾರ್ಯಕ್ರಮ ಶುರು ಮಾಡಿತು. ಉತ್ತರ ಪ್ರದೇಶದ ಮಥುರಾದಲ್ಲಿ ಪ್ರಧಾನ ಮಂತ್ರಿಗಳು ಅದನ್ನು ಆರಂಭಿಸಿದರು. ಕಾಲುಬಾಯಿ ರೋಗ ಮತ್ತು ಕಂದು ರೋಗ, ಈ ಎರಡನ್ನೂ ದೇಶದಿಂದ ಓಡಿಸಬೇಕು ಎಂಬುದು ಅದರ ಗುರಿ. ಕಂದು ರೋಗದ ಲಸಿಕೆಯನ್ನು ಆಕಳು ಮತ್ತು ಎಮ್ಮೆಯ ಹೆಣ್ಣು ಕರುಗಳಿಗೆ ಹಾಕುತ್ತಾರೆ. ಇದಕ್ಕೆ ಹಣ ಕೊಡಬೇಕಾಗಿಲ್ಲ.

ಈ ಲಸಿಕೆಯನ್ನು ಜೀವನದಲ್ಲಿ ಒಂದೇ ಸಲ ಹಾಕುತ್ತಾರೆ. ಅದೂ ಕರುವಿಗೆ 4 ತಿಂಗಳು ತುಂಬಿದ ಮೇಲೆ, 8 ತಿಂಗಳು ದಾಟುವ ಮೊದಲು. ಗಂಡು ಕರುಗಳಿಗೆ ಹಾಕುವುದಿಲ್ಲ. ಗಬ್ಬದ ಆಕಳಿಗೂ ಹಾಕುವುದಿಲ್ಲ.

ಈಗ ಅಕ್ಕನ ಕರುವಿನ ಲೆಕ್ಕ ಮಾಡಿ ನೋಡೋಣ. ಕರು ಹುಟ್ಟಿದ್ದು 2020ರ ಜನವರಿ. ನಾಲ್ಕು ತಿಂಗಳು ತುಂಬಿದ್ದು ಮೇ. ಎಂಟು ತಿಂಗಳು ತುಂಬಿದ್ದು ಸೆಪ್ಟೆಂಬರ್. ಅಂದರೆ ಲಸಿಕೆ ಹಾಕಿಸುವ ಇಡೀ ಕಾಲ ಕೊರೊನಾದ ಮೊದಲ ಅಲೆಯಲ್ಲೇ ಕಳೆದುಹೋಯಿತು. ಸೂಜಿ ಹಾಕುವವರು ಬರಲಿಲ್ಲ. ಅಕ್ಕನೂ ಹೋಗಿ ಕೇಳಲಿಲ್ಲ. ಕೇಳಬೇಕು ಅಂತ ಅವರಿಗೆ ಗೊತ್ತೇ ಇರಲಿಲ್ಲ.

ಆ ವರ್ಷ ಯಾರಿಗೂ ನಷ್ಟ ಕಾಣಲಿಲ್ಲ. ಕರು ಚೆನ್ನಾಗಿಯೇ ಇತ್ತು. ನಷ್ಟ ಕಂಡಿದ್ದು 2022ರಲ್ಲಿ. ಆಗ ಕಡಸು ಕಂದು ಹಾಕಿತು, ಒಡತಿ ಹಾಸಿಗೆ ಹಿಡಿದರು. ಲಸಿಕೆ ಬಿದ್ದಿದ್ದರೆ ಈ ಅಪಾಯ ಬಹಳ ಕಡಿಮೆ ಇರುತ್ತಿತ್ತು. ಮಹಾಮಾರಿ ಬಂದ ವರ್ಷ ತಪ್ಪಿದ ಕೆಲಸದ ಫಲ ಎರಡು-ಮೂರು ವರ್ಷ ಬಿಟ್ಟು ಕಾಣುತ್ತದೆ. ಅಷ್ಟರಲ್ಲಿ ನಾವು ಕೊರೊನಾವನ್ನೇ ಮರೆತಿರುತ್ತೇವೆ. ಹಾಗಾಗಿ ಎರಡಕ್ಕೂ ಇರುವ ಸಂಬಂಧ ನಮಗೆ ಹೊಳೆಯುವುದಿಲ್ಲ.

ಕಾವಲು ಏಕೆ ತಪ್ಪುತ್ತದೆ?

ಯಾರೋ ಒಬ್ಬರ ತಪ್ಪಿನಿಂದ ಹೀಗೆ ಆಗುವುದಿಲ್ಲ. ಮಹಾಮಾರಿ ಬಂದಾಗ ಹಲವು ಕೆಲಸಗಳು ಒಟ್ಟಿಗೆ ನಿಲ್ಲುತ್ತವೆ.

ಒಂದು, ಜನರ ಕೊರತೆ. ಆಶಾ ಕಾರ್ಯಕರ್ತೆಯರು, ನರ್ಸುಗಳು, ಶಿಕ್ಷಕರು, ಪಂಚಾಯಿತಿಯವರು ಎಲ್ಲರೂ ಕೊರೊನಾ ಕೆಲಸಕ್ಕೆ ಹೋದರು. ಉಳಿದ ಕೆಲಸಕ್ಕೆ ಕೈ ಸಾಲಲಿಲ್ಲ.

ಎರಡು, ಪ್ರಯೋಗಾಲಯಗಳ ಕೊರತೆ. ರಕ್ತ, ಕಫ ಪರೀಕ್ಷೆ ಮಾಡುವ ಕಡೆ ಕೊರೊನಾ ಪರೀಕ್ಷೆಯೇ ತುಂಬಿಹೋಯಿತು. ಭೋಪಾಲ್ ಮತ್ತು ಬರೇಲಿಯಲ್ಲಿ ದನಗಳ ರೋಗ ಪರೀಕ್ಷೆ ಮಾಡುವ ದೊಡ್ಡ ಸಂಸ್ಥೆಗಳಿವೆ. 2020ರಲ್ಲಿ ಅಲ್ಲಿಯೂ ಮನುಷ್ಯರ ಕೊರೊನಾ ಪರೀಕ್ಷೆ ಮಾಡಬೇಕಾಯಿತು. ಅದು ಆಗ ಬೇಕಾದ ಕೆಲಸವೇ. ಆದರೆ ದನಗಳ ಕೆಲಸಕ್ಕೆ ಅಷ್ಟು ಸಮಯ ಕಡಿಮೆ ಆಯಿತು.

ಮೂರು, ದಾರಿಯ ತೊಂದರೆ. ದನದ ದವಾಖಾನೆ ತೆರೆಯಬಹುದು ಅಂತ ಸರ್ಕಾರದ ಆದೇಶದಲ್ಲಿ ಇತ್ತು. ಆದರೆ ಹೋಗುವುದು ಹೇಗೆ? ಬಸ್ಸಿಲ್ಲ, ಟೆಂಪೊ ಇಲ್ಲ. ನಾವು ಗಡಿಯ ಜನ. ನಮ್ಮಲ್ಲಿ ಎಷ್ಟೋ ಊರುಗಳಿಗೆ ಹತ್ತಿರದ ಪೇಟೆ, ಔಷಧಿ ಅಂಗಡಿ ಗಡಿಯಾಚೆ ಇವೆ. ಅಲ್ಲಿ ಚೆಕ್‌ಪೋಸ್ಟ್ ಹಾಕಿದರು. ಪಾಸ್ ಇಲ್ಲದೆ ಬಿಡಲಿಲ್ಲ.

ನಾಲ್ಕು, ಅಂಜಿಕೆ. ದವಾಖಾನೆಗೆ ಹೋದರೆ ಕೊರೊನಾ ಹತ್ತುತ್ತದೆ, ಹಿಡಿದು ಒಯ್ಯುತ್ತಾರೆ ಅಂತ ಜನ ಹೆದರಿದರು. ಜ್ವರ ಬಂದರೂ ಮುಚ್ಚಿಟ್ಟರು.

ಐದು, ಹಣದ ಕೊರತೆ. ಹೋಟೆಲು, ಚಹಾದಂಗಡಿ ಮುಚ್ಚಿದವು. ಹಾಲಿಗೆ ಗಿರಾಕಿ ಕಡಿಮೆಯಾಯಿತು. ಹಿಂಡಿ ತರಲೂ ಕಷ್ಟವಾದಾಗ ದನದ ಡಾಕ್ಟರನ್ನು ಕರೆಸುವುದು ಎಲ್ಲಿಂದ?

ಇದರ ಫಲವನ್ನು ಒಂದು ಲೆಕ್ಕದಲ್ಲಿ ನೋಡಿ. ಕ್ಷಯ, ಅಂದರೆ ಟಿ.ಬಿ. ರೋಗ. ಇದು ಹೆಚ್ಚಾಗಿ ಮನುಷ್ಯರಿಂದ ಮನುಷ್ಯರಿಗೆ ಹರಡುತ್ತದೆ. ಆದರೆ ದನಗಳಿಗೂ ಕ್ಷಯ ಬರುತ್ತದೆ. ಅಂಥ ದನದ ಹಸಿ ಹಾಲಿನಿಂದ ಜನರಿಗೂ ಬರಬಹುದು. ನಮ್ಮ ದೇಶದಲ್ಲಿ 2019ರಲ್ಲಿ ಸುಮಾರು 24 ಲಕ್ಷ ಕ್ಷಯ ರೋಗಿಗಳ ಹೆಸರು ದಾಖಲಾಗಿತ್ತು. 2020ರಲ್ಲಿ ಅದು ಸುಮಾರು 18 ಲಕ್ಷಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ 6 ಲಕ್ಷ ಕಡಿಮೆ!

ರೋಗ ಕಡಿಮೆ ಆಯಿತೇ? ಇಲ್ಲ. ರೋಗ ಕಂಡುಹಿಡಿಯುವುದು ಕಡಿಮೆ ಆಯಿತು. ಪುಸ್ತಕದಲ್ಲಿ ಹೆಸರು ಇಲ್ಲ ಅಂದ ಮಾತ್ರಕ್ಕೆ ಮನೆಯಲ್ಲಿ ರೋಗಿ ಇಲ್ಲ ಅಂತ ಅಲ್ಲ. ಆ ರೋಗಿ ಔಷಧಿ ಇಲ್ಲದೆ ಕೆಮ್ಮುತ್ತಾ ಮನೆಯಲ್ಲೇ ಇರುತ್ತಾನೆ.

ಹುಚ್ಚುನಾಯಿ ರೋಗ

ದನಕ್ಕೂ ಜನಕ್ಕೂ ಬರುವ ಇನ್ನೊಂದು ರೋಗ ಹುಚ್ಚುನಾಯಿ ರೋಗ. ಇದನ್ನು ರೇಬೀಸ್ ಅಂತಾರೆ. ಹುಚ್ಚುನಾಯಿ ಕಚ್ಚಿದರೆ ಆಕಳು, ಎಮ್ಮೆ, ಎತ್ತು, ಆಡು, ಯಾವುದಕ್ಕೂ ಇದು ಬರುತ್ತದೆ. ರೋಗದ ಲಕ್ಷಣ ಕಾಣಿಸಿದ ಮೇಲೆ ಮನುಷ್ಯನೂ ಉಳಿಯುವುದಿಲ್ಲ, ದನವೂ ಉಳಿಯುವುದಿಲ್ಲ. ಆದರೆ ಕಚ್ಚಿದ ಕೂಡಲೇ ಸರಿಯಾಗಿ ಲಸಿಕೆ ಹಾಕಿಸಿದರೆ ಜೀವ ಉಳಿಯುತ್ತದೆ.

ಈ ರೋಗ ತಡೆಯಲು ಊರಿನ 100 ನಾಯಿಗಳಲ್ಲಿ ಕನಿಷ್ಠ 70 ನಾಯಿಗಳಿಗೆ ಲಸಿಕೆ ಬಿದ್ದಿರಬೇಕು. ನಮ್ಮ ಪಕ್ಕದ ಗೋವಾ ರಾಜ್ಯ ಇದನ್ನು ಮಾಡಿ ತೋರಿಸಿದೆ. ಅಲ್ಲಿ 2013ರಿಂದ 2019ರವರೆಗೆ ಈ ಕೆಲಸವನ್ನು ಹಂತ ಹಂತವಾಗಿ ಬೆಳೆಸಿದರು. ಓಣಿ ಓಣಿ ತಿರುಗಿದರು. ಬಲೆ ಹಾಕಿ ಬೀದಿನಾಯಿಗಳನ್ನು ಹಿಡಿದು ಸೂಜಿ ಹಾಕಿ ಬಿಟ್ಟರು. ಒಂದು ಸುತ್ತಿಗೆ 95,000ಕ್ಕೂ ಹೆಚ್ಚು ನಾಯಿಗಳಿಗೆ ಲಸಿಕೆ ಹಾಕುವ ಮಟ್ಟಕ್ಕೆ ಬಂದರು. ತಿಂಗಳಿಗೆ ಕಾಣುತ್ತಿದ್ದ ಹುಚ್ಚುನಾಯಿಗಳ ಸಂಖ್ಯೆ 100ರಿಂದ 8ಕ್ಕೆ ಇಳಿದಂತೆ ಇಳಿಯಿತು. ಜನ ಸಾಯುವುದೂ ನಿಂತಿತು.

ಆದರೆ ಇದು ಒಮ್ಮೆ ಮಾಡಿ ಬಿಡುವ ಕೆಲಸ ಅಲ್ಲ. ನಾಯಿಗಳ ಆಯಸ್ಸು ಕಡಿಮೆ. ವರ್ಷ ವರ್ಷ ಹೊಸ ಮರಿಗಳು ಹುಟ್ಟುತ್ತವೆ. ಅವಕ್ಕೆ ಲಸಿಕೆ ಇರುವುದಿಲ್ಲ. ಒಂದು ವರ್ಷ ಕೆಲಸ ನಿಂತರೆ 70 ಇದ್ದದ್ದು 50 ಆಗುತ್ತದೆ, ಆಮೇಲೆ 40 ಆಗುತ್ತದೆ. ರೋಗಕ್ಕೆ ಮತ್ತೆ ದಾರಿ ಸಿಗುತ್ತದೆ. ಕೊರೊನಾ ಕಾಲದಲ್ಲಿ ಬಹಳ ದೇಶಗಳಲ್ಲಿ ನಾಯಿಗಳ ಲಸಿಕೆ ನಿಂತುಹೋಯಿತು, ಇಲ್ಲವೇ ತಡವಾಯಿತು. ನಮ್ಮ ಸರ್ಕಾರ 2021ರ ಸೆಪ್ಟೆಂಬರ್ 28ರಂದು ಹೊಸ ಯೋಜನೆ ಪ್ರಕಟಿಸಿತು. 2030ರ ಒಳಗೆ ನಾಯಿಯಿಂದ ಬರುವ ರೇಬೀಸ್ ಇಲ್ಲದಂತೆ ಮಾಡಬೇಕು ಎಂಬುದು ಅದರ ಗುರಿ.

ನಾಯಿ ಕಚ್ಚಿದರೆ ಏನು ಮಾಡಬೇಕು? ಗಾಯವನ್ನು ಕೂಡಲೇ ಸಾಬೂನು ಹಚ್ಚಿ, ನೀರು ಬಿಟ್ಟು 15 ನಿಮಿಷ ತೊಳೆಯಿರಿ. ಖಾರಪುಡಿ, ಸುಣ್ಣ, ಎಣ್ಣೆ ಏನೂ ಹಚ್ಚಬೇಡಿ. ಅದೇ ದಿನ ಸರ್ಕಾರಿ ದವಾಖಾನೆಗೆ ಹೋಗಿ. ಹೊಟ್ಟೆಗೆ 14 ಸೂಜಿ ಹಾಕುವ ಕಾಲ ಹೋಯಿತು. ಈಗ ಸರ್ಕಾರಿ ದವಾಖಾನೆಗಳಲ್ಲಿ ಹೆಚ್ಚಾಗಿ ತೋಳಿನ ಚರ್ಮಕ್ಕೆ ಹಾಕುತ್ತಾರೆ. ಮೊದಲ ದಿನ ಹಾಕಿ, ಆಮೇಲೆ 3ನೇ ದಿನ, 7ನೇ ದಿನ, 28ನೇ ದಿನ ಹಾಕುತ್ತಾರೆ. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ಇನ್ನೊಂದು ಔಷಧಿಯ ಸೂಜಿಯೂ ಬೇಕು. ಒಂದು ಸೂಜಿ ತಗೊಂಡು ಸುಮ್ಮನಾಗಬೇಡಿ. ಲಾಕ್‌ಡೌನ್ ಇದ್ದರೂ ಬಿಡಬೇಡಿ. ಪೊಲೀಸರು ತಡೆದರೆ ದವಾಖಾನೆಯ ಚೀಟಿ ತೋರಿಸಿ.

ಇನ್ನೊಂದು ಮಾತು. ಆಕಳು ಜೊಲ್ಲು ಸುರಿಸುತ್ತಾ, ದನಿ ಬದಲಿಸಿ ಒದರುತ್ತಾ, ಮೇವು ಬಿಟ್ಟಿದ್ದರೆ ನಾವು ಏನು ಮಾಡುತ್ತೇವೆ? ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಬಾಯಿಯೊಳಗೆ ಕೈ ಹಾಕುತ್ತೇವೆ. ಹಾಗೆ ಮಾಡಬೇಡಿ. ಅದು ಹುಚ್ಚು ರೋಗ ಇರಬಹುದು. ಜೊಲ್ಲಿನಿಂದ ರೋಗ ನಮಗೆ ಬರುತ್ತದೆ. ಆಕಳನ್ನು ಬೇರೆ ಕಟ್ಟಿ, ದನದ ಡಾಕ್ಟರನ್ನು ಕರೆಸಿ. ಅದರ ಹಾಲು ಬಳಸಬೇಡಿ.

ಕೊರೊನಾ ಕಲಿಸಿದ ಒಳ್ಳೆಯ ಪಾಠ

ಕೊರೊನಾದಿಂದ ಕೆಲವು ಒಳ್ಳೆಯ ರೂಢಿಗಳೂ ಬಂದವು. ಸಾಬೂನಿನಿಂದ ಕೈ ತೊಳೆಯುವುದು ಕಲಿತೆವು. ಬಾಯಿಗೆ ಮಾಸ್ಕ್ ಕಟ್ಟುವುದು ಕಲಿತೆವು. ಈ ಎರಡೂ ಕೊಟ್ಟಿಗೆಯಲ್ಲೂ ಬೇಕು.

ಜನರ ರೋಗ ಬೇರೆ, ದನದ ರೋಗ ಬೇರೆ ಅಂತ ಎರಡು ಇಲಾಖೆಗಳು ಬೇರೆ ಬೇರೆ ಕೆಲಸ ಮಾಡಿದರೆ ಸಾಲದು ಎಂದು ಸರ್ಕಾರಕ್ಕೂ ಗೊತ್ತಾಯಿತು. ನಮ್ಮ ಮಹಾರಾಷ್ಟ್ರದ ನಾಗಪುರದಲ್ಲಿ ಜನ, ದನ ಮತ್ತು ಪರಿಸರದ ಆರೋಗ್ಯವನ್ನು ಒಟ್ಟಿಗೆ ನೋಡುವ ಒಂದು ರಾಷ್ಟ್ರೀಯ ಸಂಸ್ಥೆಗೆ 2022ರ ಡಿಸೆಂಬರ್ 11ರಂದು ಅಡಿಗಲ್ಲು ಹಾಕಿದರು.

ಅದು ಸರ್ಕಾರದ ಕೆಲಸ. ನಮ್ಮ ಮನೆಯಲ್ಲಿ ನಾವು ಏನು ಮಾಡಬಹುದು?

ನಿಮ್ಮ ಕೈಯಲ್ಲಿರುವ ಕೆಲಸ

ನೀವು ಈಗ ಓದಲು, ಬರೆಯಲು ಕಲಿತಿದ್ದೀರಿ. ಅಂಕಿ ಕಲಿತಿದ್ದೀರಿ. ಆ ವಿದ್ಯೆ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಮನೆಯಲ್ಲಿ ಕ್ಯಾಲೆಂಡರ್ ಇದೆಯಲ್ಲ? ಹೆಣ್ಣು ಕರು ಹುಟ್ಟಿದ ದಿನವನ್ನು ಅದರ ಮೇಲೆ ಬರೆಯಿರಿ. ಅಲ್ಲಿಂದ ನಾಲ್ಕು ತಿಂಗಳು ಎಣಿಸಿ. ಆ ದಿನಕ್ಕೆ ಒಂದು ಸುತ್ತು ಹಾಕಿ. ಎಂಟು ತಿಂಗಳು ಎಣಿಸಿ. ಅಲ್ಲಿ ಇನ್ನೊಂದು ಸುತ್ತು ಹಾಕಿ. ಈ ಎರಡು ಸುತ್ತಿನ ನಡುವೆ ಸೂಜಿ ಬೀಳಲೇಬೇಕು. ಹೊಸ ವರ್ಷದ ಕ್ಯಾಲೆಂಡರ್ ಬಂದರೆ ಸುತ್ತನ್ನು ಅದಕ್ಕೂ ಹಾಕಿ.

ಒಂದು ನೋಟ್‌ಬುಕ್‌ನಲ್ಲಿ ಹೀಗೂ ಬರೆಯಬಹುದು:

ಕರು ಹುಟ್ಟಿದ್ದು: ಜೂನ್ 10
ನಾಲ್ಕು ತಿಂಗಳು: ಅಕ್ಟೋಬರ್ 10
ಎಂಟು ತಿಂಗಳು: ಫೆಬ್ರುವರಿ 10
ಕಿವಿಯ ಬಿಲ್ಲೆಯ 12 ಅಂಕಿ: .....................
ಕಂದು ರೋಗದ ಲಸಿಕೆ ಹಾಕಿದ ದಿನ: .....................

ಸೂಜಿ ಹಾಕುವವರು ಬರದಿದ್ದರೆ ನೀವೇ ದನದ ದವಾಖಾನೆಗೆ ಹೋಗಿ ಕೇಳಿ. ನಮ್ಮ ಕಡೆ ಬೋರ್ಡು ಮರಾಠಿಯಲ್ಲಿ ಇರುತ್ತದೆ. ಅಂಜಬೇಡಿ. ನೋಟ್‌ಬುಕ್ ತೋರಿಸಿ, "ನಮ್ಮ ಕರುವಿಗೆ ಐದು ತಿಂಗಳಾಯ್ತು ಸಾಹೇಬ್ರ, ಕಂದು ರೋಗದ ಸೂಜಿ ಬೇಕ್ರೀ" ಅಂತ ಹೇಳಿ. 1962 ಸಂಖ್ಯೆಗೆ ಫೋನ್ ಮಾಡಿ ದನಗಳ ಸಂಚಾರಿ ದವಾಖಾನೆಯ ಬಗ್ಗೆಯೂ ಕೇಳಬಹುದು. ಓಣಿಯಲ್ಲಿ ನಾಲ್ಕೈದು ಕರುಗಳಿದ್ದರೆ ಎಲ್ಲರೂ ಸೇರಿ ಕರೆಸಿ. ಈ ಲಸಿಕೆಯಲ್ಲಿ ಜೀವಂತ ರೋಗಾಣು ಇರುತ್ತದೆ. ಆದ್ದರಿಂದ ನೀವೇ ಹಾಕಲು ಹೋಗಬೇಡಿ. ಸೂಜಿ ಕೈಗೆ ಚುಚ್ಚಿದರೆ ನಿಮಗೇ ರೋಗ ಬರಬಹುದು.

ನೆನಪಿಡಿ

1. ಹಾಲು ಕುದಿಸಿಯೇ ಕುಡಿಯಿರಿ. ಆಡಿನ ಹಾಲನ್ನೂ ಕುದಿಸಿ. ಹಸಿ ಹಾಲಿನಲ್ಲಿ ಶಕ್ತಿ ಹೆಚ್ಚು ಅನ್ನುವುದು ಸುಳ್ಳು.

2. ಕಂದು ಹಾಕಿದ ಕರುವನ್ನು, ಮಾಸನ್ನು ಬರಿಗೈಯಿಂದ ಮುಟ್ಟಬೇಡಿ. ಕೈಚೀಲ ಇಲ್ಲದಿದ್ದರೆ ತೂತಿಲ್ಲದ ಪ್ಲಾಸ್ಟಿಕ್ ಚೀಲವನ್ನು ಕೈಗೆ ಕಟ್ಟಿಕೊಳ್ಳಿ. ಬಾಯಿ, ಮೂಗಿಗೆ ಬಟ್ಟೆ ಕಟ್ಟಿ. ಬಸುರಿಯರು ಹತ್ತಿರ ಹೋಗಬಾರದು.

3. ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ. ತಿಪ್ಪೆಗೆ ಎಸೆಯಬೇಡಿ. ನಾಯಿಗಳು ಎಳೆದರೆ ರೋಗ ಊರೆಲ್ಲ ಹರಡುತ್ತದೆ.

4. ಕಂದು ಹಾಕಿದ ಆಕಳನ್ನು ಬೇರೆ ಕಟ್ಟಿ. ದನದ ಡಾಕ್ಟರಿಗೆ ತಿಳಿಸಿ. ಸಂತೆಯಲ್ಲಿ ಮಾರಿ ಇನ್ನೊಬ್ಬರ ಮನೆಗೆ ರೋಗ ಕಳಿಸಬೇಡಿ.

5. ಜ್ವರ ವಾರಗಟ್ಟಲೆ ಬಂದು ಹೋಗಿ ಮಾಡಿದರೆ ಡಾಕ್ಟರಿಗೆ "ಮನೆಯಲ್ಲಿ ದನ ಇವೆ" ಅಂತ ನೀವೇ ಹೇಳಿ. ಅವರು ಕೇಳಲಿ ಅಂತ ಕಾಯಬೇಡಿ.

ಮುಂದೆ ಮತ್ತೊಂದು ಮಹಾಮಾರಿ ಬರಬಹುದು. ಆಗಲೂ ಬಸ್ಸು ನಿಲ್ಲಬಹುದು, ಡಾಕ್ಟರಿಗೆ ಬಿಡುವು ಇಲ್ಲದೆ ಹೋಗಬಹುದು. ಆದರೆ ನಿಮ್ಮ ಗೋಡೆಯ ಕ್ಯಾಲೆಂಡರ್ ನಿಲ್ಲುವುದಿಲ್ಲ. ಯಾವ ಕರುವಿಗೆ ಯಾವಾಗ ಸೂಜಿ ಬೇಕು ಎಂಬುದು ನಿಮ್ಮ ಕೈಬರಹದಲ್ಲೇ ಇರುತ್ತದೆ. ದಾರಿ ತೆರೆದ ದಿನ ಮೊದಲು ಹೋಗಿ ಕೇಳುವವರು ನೀವೇ ಆಗಿರುತ್ತೀರಿ.

ಕತೆಯಲ್ಲಿ ಬಂದ ಅಕ್ಕನ ಮನೆಯಲ್ಲಿ ಈಗ ಮತ್ತೊಂದು ಹೆಣ್ಣು ಕರು ಇದೆ. ಕ್ಯಾಲೆಂಡರ್ ಮೇಲೆ ಕೆಂಪು ಪೆನ್ನಿನ ಎರಡು ಸುತ್ತುಗಳಿವೆ. ಮೊದಲ ಸುತ್ತು ದಾಟಿದ ವಾರವೇ ಸೂಜಿ ಬಿದ್ದಿದೆ. ಆ ದಿನದ ಪಕ್ಕದಲ್ಲಿ ಅಕ್ಕ ತಾವೇ ಬರೆದಿದ್ದಾರೆ: "ಲಸಿಕೆ ಆಯಿತು."

ಓದಿ, ಯೋಚಿಸಿ, ಮಾತಾಡಿ

1. 2020ರಲ್ಲಿ ನಿಮ್ಮ ಊರಿನಲ್ಲಿ ದನಗಳಿಗೆ ಸೂಜಿ ಬಿದ್ದಿತ್ತೇ? ನೆನಪು ಮಾಡಿಕೊಂಡು ಹೇಳಿ.
2. ಕ್ಷಯ ರೋಗಿಗಳ ಸಂಖ್ಯೆ 24 ಲಕ್ಷದಿಂದ 18 ಲಕ್ಷಕ್ಕೆ ಇಳಿಯಿತು. ಇದು ಒಳ್ಳೆಯ ಸುದ್ದಿ ಅಲ್ಲ, ಏಕೆ?
3. ಒಂದು ಹೆಣ್ಣು ಕರು ಮಾರ್ಚ್ 5ರಂದು ಹುಟ್ಟಿದೆ. ಅದಕ್ಕೆ ಕಂದು ರೋಗದ ಲಸಿಕೆಯನ್ನು ಯಾವ ದಿನದಿಂದ ಯಾವ ದಿನದ ಒಳಗೆ ಹಾಕಿಸಬೇಕು? ಎಣಿಸಿ ಬರೆಯಿರಿ.
4. ನಿಮ್ಮ ಮನೆಯ ದನದ ಕಿವಿಯ ಬಿಲ್ಲೆಯನ್ನು ನೋಡಿ, 12 ಅಂಕಿಗಳನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡು ಬನ್ನಿ.